ಪರದೆಯ ಹಿಂದೆ ಕೂರಿಸಿದರು

ಅಜ್ಜಂಪುರದ ಕೆರೆ ಏರಿಯ ಕೆಳಗೆ ನಮ್ಮ ಕೇರಿಯವರು ತಲೆತಲಾಂತರದಿಂದ ಬಯಲಾಟ ಆಡುತ್ತಿದ್ದ ಜಾಗವನ್ನು ಪಟೇಲರು ನಮ್ಮನ್ನು ಒಂದು ಮಾತು ಕೇಳದೆ ಡೇರೆ ಸಿನಿಮಾದವನಿಗೆ ಕೊಟ್ಟರು. ಇದು ಅನ್ಯಾಯ. ನ್ಯಾಯವೆಂದು ಅವರೂ ಹೇಳಲಿಲ್ಲ, ಕಾಲ ಬದಲಾಯಿತು ಎಂದರು. ಕಾಲ ಬದಲಾದಾಗೆಲ್ಲ ಜಾಗ ಬಿಟ್ಟು ಏಳಬೇಕಾದವರು ನಾವೇ. ಹಾಗೆ ಏಳುವಾಗೆಲ್ಲ ನಗು ಬರುವಂಥದ್ದೂ ಒಂದು ನಡೆದೇ ತೀರುತ್ತದೆ. ನಡೆದಂತೆ ಬರೆದಿದ್ದೇನೆ. ನಗು ಬಂದರೆ ನಗಿ, ಆದರೆ ಕೊನೆಯವರೆಗೆ ಓದಿ.

೧. ಹಾಡುವ ಪೆಟ್ಟಿಗೆ

ಮೊದಲು ಬಂದದ್ದು ಗ್ರಾಮಫೋನು. ಕೊಬ್ಬರಿ ವ್ಯಾಪಾರದ ಸಾಹುಕಾರರು ತರಿಸಿದರು. ಅದಕ್ಕೆ ಮುಂಚೆ ಅವರ ಮನೆಯ ಮದುವೆ, ನಾಮಕರಣಕ್ಕೆ ಹಾಡಲು ಹೋಗುತ್ತಿದ್ದವರು ನಮ್ಮ ಭಾಗವತರು. ಕೇರಿಯ ಹುಡುಗರಿಗೆಲ್ಲ ಆಟ ಕಲಿಸಿದ ಮುದುಕ, ನನಗೆ ಸೋದರಮಾವ.

ಸಾಹುಕಾರರು ಅವರನ್ನು ಕರೆಸಿ, ಅಂಗಳದಲ್ಲಿ ಕೂರಿಸಿ, ಜಗಲಿಯ ಮೇಲಿದ್ದ ಪೆಟ್ಟಿಗೆಗೆ ಕೀಲಿ ಕೊಟ್ಟರು. ಮಾವ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

"ಹೆಂಗೈತೆ ಭಾಗವತ?"

"ಶ್ರುತಿ ಚೆನ್ನಾಗೈತೆ ಸಾವ್ಕಾರ್ರೇ."

"ಎಷ್ಟು ಸಲ ಹಾಡ್ಸಿದ್ರೂ ದಣಿಯಾಕಿಲ್ಲ ಕಣೋ ಇದು."

"ದಣಿಯಾಕಿಲ್ಲ, ಊಟಾನೂ ಕೇಳಾಕಿಲ್ಲ. ಅದ್ಕೇ ನೋಡಿ, ಅದಕ್ಕೆ ಜಗಲಿ, ನನಗೆ ಅಂಗಳ."

೨. ದೊರೆಯ ಚೆಂಡು

ಬಯಲು ಕೈತಪ್ಪಿದ ಮೇಲೆ ತಾಲ್ಲೂಕಿನ ಅಮಲ್ದಾರರಿಗೆ ಅರ್ಜಿ ಕೊಡಲು ಹೊರಟೆವು. ಅಂಗಡಿ ಪೊಟ್ಟಣದ ಕಾಗದ ನೋಡಿ ಅಕ್ಷರ ಕಲಿತವನು ನಾನು. ಅರ್ಜಿ ನನ್ನದೇ ಕೈಬರಹ. ಮಾವನೂ ನಾನೂ ತರೀಕೆರೆಗೆ ನಡೆದುಹೋದೆವು.

ಅಮಲ್ದಾರರು ಕಚೇರಿಯಲ್ಲಿರಲಿಲ್ಲ. ಹಿಂದಿನ ಅಂಗಳದಲ್ಲಿ ಕೆಮ್ಮಣ್ಣುಗುಂಡಿಯ ಅದಿರಿನ ಕೆಲಸ ನೋಡುವ ಬಿಳಿ ದೊರೆಯ ಜೊತೆ ಟೆನಿಸ್ ಆಡುತ್ತಿದ್ದರು. ನಾವು ಬೇಲಿಯಾಚೆ ನಿಂತೆವು. ಜವಾನ ಬಂದು, "ಈಗ ಆಗಲ್ಲ. ಸಾಹೇಬ್ರು ಒಂದಾಟ ಗೆದ್ದು ಖುಷಿಯಲ್ಲಿರುವಾಗ ಬನ್ನಿ" ಎಂದ.

ಮಧ್ಯಾಹ್ನದಿಂದ ಹೊತ್ತು ಇಳಿಯುವವರೆಗೆ ನಿಂತು ನೋಡಿದೆವು. ಕೈಗೇ ಬಂದ ಚೆಂಡನ್ನೂ ಅಮಲ್ದಾರರು ಬೇಲಿಗೆ ಹೊಡೆಯುತ್ತಿದ್ದರು, ಆಮೇಲೆ ದೊರೆಗೆ ಭೇಷ್ ಎನ್ನುತ್ತಿದ್ದರು.

ಮಾವ ಕೇಳಿದರು, "ಏನಪ್ಪಾ, ನಿಮ್ಮ ಸಾಹೇಬ್ರು ಗೆಲ್ಲೋದು ಯಾವಾಗ?"

ಜವಾನ ಅತ್ತಿತ್ತ ನೋಡಿ ಹೇಳಿದ, "ದೊರೆಗೆ ವರ್ಗ ಆದ್ಮೇಲೆ."

೩. ಎಡಗೈ ವೀಳ್ಯ

ಡೇರೆ ಎದ್ದಿತು. ನೆಲ ನಮ್ಮದು, ನಾವೂ ನೋಡಲು ಹೋದೆವು. ಬಾಗಿಲಲ್ಲಿದ್ದ ಮ್ಯಾನೇಜರು ಊರಿನವರನ್ನೆಲ್ಲ ಪರದೆಯ ಮುಂದೆ ಕೂರಿಸಿ, ನಮ್ಮ ಕೇರಿಯವರಿಗೆ ಪರದೆಯ ಹಿಂದೆ ಜಾಗ ತೋರಿಸಿದ. "ಬಟ್ಟೆ ಒದ್ದೆ ಮಾಡಿದೀವಿ, ಆ ಕಡೆಗೂ ಕಾಣ್ತದೆ, ಹೋಗ್ರಿ" ಎಂದ.

ಕಂಡಿತು. ರಾಜಕುಮಾರನೊಬ್ಬ ಹೆಣ್ಣು ಕೇಳಲು ಬಂದು, ಹೆಣ್ಣಿನ ತಂದೆಗೆ ಎಡಗೈಯಲ್ಲಿ ವೀಳ್ಯ ಕೊಟ್ಟ. ನಮ್ಮ ಕಡೆ ಗದ್ದಲವೆದ್ದಿತು. ನಮ್ಮ ಆಟದಲ್ಲಿ ರಾಕ್ಷಸನ ವೇಷವೂ ವೀಳ್ಯವನ್ನು ಬಲಗೈಯಲ್ಲೇ ಕೊಡುತ್ತದೆ. ಮುದುಕಿಯೊಬ್ಬಳು ಎದ್ದು ನಿಂತು, "ಲೇ, ಈ ಮನೆಗೆ ಹೆಣ್ಣು ಕೊಡಬ್ಯಾಡ ಕಣೋ" ಎಂದು ಪರದೆಗೇ ಬುದ್ಧಿ ಹೇಳಿದಳು.

ಮಾರನೆಯ ದಿನ ಕೆರೆಯ ಬಳಿ ಜಗಳ. ಊರಿನವರು ಬಲಗೈ ಎಂದರು, ನಾವು ಎಡಗೈ ಎಂದೆವು. ಕೇರಿಯವರಿಗೆ ಎಡ ಬಲ ತಿಳಿಯದು ಎಂದು ಅವರು ಹಂಗಿಸಿದರು. ಮಾತು ಕೈಗೆ ಬಂತು, ಪಂಚಾಯ್ತಿ ಸೇರಿತು. ಮಾವ ಹೇಳಿದ್ದು ಇಷ್ಟೇ: "ಪಟೇಲ್ರೇ, ಒಂದು ದಿನ ನಮ್ಮ ಕಡೆ ಬಂದು ಕೂತ್ಕೊಳ್ಳಿ. ಆಮೇಲೆ ನೀವು ಹೇಳಿದ್ದೇ ನ್ಯಾಯ."

ಆ ಸಂಜೆಯೇ ಪಟೇಲರು ಬಂದರು. ಆಳುಗಳು ಅವರ ಕುರ್ಚಿಯನ್ನು ಪರದೆಯ ಹಿಂದಕ್ಕೆ ಹೊತ್ತು ತಂದರು. ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತ ರಾಜಕುಮಾರ ವೀಳ್ಯ ಚಾಚಿದ. ಪಟೇಲರು ಕುರ್ಚಿಯಿಂದೆದ್ದು ಪರದೆಯಾಚೆಗೆ ಕೇಳುವಂತೆ ಕೂಗಿ ಹೇಳಿದರು, "ಎಡಗೈಯೇ ಕಣ್ರೋ."

ಪಟೇಲರು ಅಲ್ಲಿ ಕೂತದ್ದು ಮುಂದಿನವರಿಗೆ ತಿಳಿದಿರಲಿಲ್ಲ. ಆ ಕಡೆಯಿಂದ ಉತ್ತರ ಬಂತು, "ಸುಮ್ನೆ ಕೂತ್ಕೊಳೋ ಸುಳ್ಳ. ನಿಮ್ಮ ಕೇರಿಗೆ ಎಡ ಯಾವ್ದು ಬಲ ಯಾವ್ದು ಗೊತ್ತೇನ್ಲಾ?" ಹೇಳಿದವನು ಪಟೇಲರ ಖಾಸಾ ಅಳಿಯ.

ಪಟೇಲರು ಕೆಂಪಾದರು. ಮಾವ ಮೆಲ್ಲಗೆ ಕೈಮುಗಿದು ಅವರನ್ನು ಕೂರಿಸಿದರು.

"ಬೇಜಾರ್ ಮಾಡ್ಕೋಬ್ಯಾಡಿ ಬುದ್ಧಿ. ಇಲ್ಲಿ ಕೂತೋರು ಏನು ಹೇಳಿದ್ರೂ ಆ ಕಡೆಯೋರಿಗೆ ಸುಳ್ಳೇ."

ಪಟೇಲರು ಅಂದು ಪೂರ್ತಿ ನೋಡದೆ ಎದ್ದುಹೋದರು. ಬಯಲನ್ನು ಮಾತ್ರ ಬಿಡಿಸಿಕೊಡಲಿಲ್ಲ. ಅದು ಈಗ ಅಮಲ್ದಾರರಿಗೆ ಸೇರಿದ ವಿಚಾರ ಎಂದರು. ಮಾವ ಈಗ ಹಾಡುವುದಿಲ್ಲ. ಕೇಳಿದರೆ, "ನಾವು ಪರದೆ ಹಿಂದಿದ್ದು ವೇಷ ಕಟ್ಟಿ ಮುಂದಕ್ಕೆ ಬರೋ ಜನ. ಈಗ ಬರೋ ದಾರಿ ಮುಚ್ಚವ್ರೆ" ಎನ್ನುತ್ತಾರೆ. ಮದ್ದಳೆ ಅಟ್ಟದ ಮೇಲಿದೆ.

ಈ ಸೋಮವಾರ ಅಮಲ್ದಾರರು ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ನಮ್ಮೂರಿಗೇ ಬರುತ್ತಾರೆ. ಇಲ್ಲಿ ಟೆನಿಸ್ ಆಡುವ ಅಂಗಳವಿಲ್ಲ. ಓದಿದವರೇ, ಓದಲು ಬಾರದವರಿಗೆ ಇದನ್ನು ಓದಿ ಹೇಳಿ. ಮನೆಗೊಬ್ಬರಂತೆ ಆ ಬಯಲಿಗೆ ಬನ್ನಿ. ಮದ್ದಳೆಯನ್ನು ಅಟ್ಟದಿಂದ ಇಳಿಸಿ ತನ್ನಿ. ಅರ್ಜಿ ಹಿಡಿದು ನಿಲ್ಲಬೇಡಿ, ನಿಂತವರನ್ನು ಆಮೇಲೆ ಬನ್ನಿ ಎಂದು ಕಳಿಸುತ್ತಾರೆ. ಪರದೆಯ ಮುಂದೆ ಕೂತುಕೊಳ್ಳಿ. ಬಯಲು ನಮ್ಮದೆಂದು ಅವರು ಬರೆದುಕೊಡುವವರೆಗೆ ಏಳಬೇಡಿ.