ಕೋಶಿ ಮಾಷ್ ಬಾವಿ ಶುದ್ಧಿ ಮಾಡಿದ್ದು

"ಇವತ್ತು ಈ ಬಾವಿಯೊಳಗೆ ಒಂದೇ ಒಂದು ರೋಗಾಣು ಜೀವಂತ ಉಳಿದ್ರೆ, ನಾನು ಮೂವತ್ತು ವರ್ಷ ಪಾಠ ಹೇಳಿದ್ದೇ ದಂಡ!" ಮುಂಡುಪಂಚೆ ಎತ್ತಿ ಕಟ್ಟಿ ಕೋಶಿ ಮಾಷ್ ಘೋಷಿಸಿದರು.

ಚೆಂಗನ್ನೂರಿನ ಆ ಓಣಿಯಿಂದ ನೆರೆ ಇಳಿದು ಮೂರು ವಾರವಾಗಿತ್ತು. ಆಗಲೇ ಎರಡು ಮನೆಗಳಲ್ಲಿ ಕಾಮಾಲೆ. ಬಾವಿಯ ಒಂದೊಂದು ಸಿಮೆಂಟ್ ರಿಂಗ್ ನೀರಿಗೆ ಒಂದೊಂದು ಬೆಂಕಿಪೊಟ್ಟಣದಷ್ಟು ಬ್ಲೀಚಿಂಗ್ ಪೌಡರ್, ಅದನ್ನೂ ಬಕೆಟ್ಟಿನಲ್ಲಿ ಕದಡಿ ತಿಳಿ ಮಾತ್ರ ಸುರಿಯಬೇಕು ಎಂದು ಆರೋಗ್ಯ ಕಾರ್ಯಕರ್ತೆ ಬಿಂದುಲೇಖ ಹೇಳಿ ಹೋಗಿದ್ದಳು.

"ಎಂಟು ರಿಂಗು, ಎಂಟು ಪೊಟ್ಟಣ. ಅಳೆದು ಕೊಡ್ಲಾ ಇಚ್ಚಾಯಾ?" ಎಂದಳು ಹೆಂಡತಿ ಶೋಶಮ್ಮ.

"ಕಾಮಾಲೆ ಏನು ಬೆಂಕಿಪೊಟ್ಟಣಕ್ಕೆ ಹೆದರುತ್ತಾ?"

ಎರಡು ಕಿಲೋ ಚೀಲ ಪೂರ್ತಿ ಬಾವಿಗೆ ಬೋರಲಾಯಿತು! ಘಾಟು ಭುಗ್ಗೆಂದು ಮೇಲೆದ್ದಿತು. ಮಾಷ್ ಕಣ್ಣೀರು ಸುರಿಸುತ್ತಲೇ ಒಂದು ಕೊಡ ಸೇದಿ, "ನೋಡೇ, ಹಾಲಿನಂಥ ನೀರು!" ಎಂದು ಶೋಶಮ್ಮ ಬಟ್ಟೆ ನೆನೆಸಿದ್ದ ಟಬ್ಬಿಗೆ ಹುಯ್ದರು. ಅದರೊಳಗೆ ಇಗರ್ಜಿಗೆ ಉಡುವ ಅವಳ ಮೆರೂನ್ ಸೀರೆಯಿತ್ತು. ಅರ್ಧ ಗಂಟೆಯಲ್ಲಿ ಅದಕ್ಕೆ ತೊನ್ನು ಹತ್ತಿತು.

"ರೋಗಾಣು ಸತ್ತಿದ್ದು ನಾ ಕಾಣೆ. ನನ್ನ ಸೀರೆಯಂತೂ ಸತ್ತಿತು!"

"ಕೂಗಬೇಡ. ಈಗ್ಲೇ ಬಾವಿ ಖಾಲಿ ಮಾಡಿಬಿಡ್ತೀನಿ."

ಮಾಷ್ ಪಂಪು ಹಾಕಿದರು. ಪೈಪಿನ ತುದಿ ಎಲ್ಲಿದೆ ಎಂದು ನೋಡುವ ವ್ಯವಧಾನ ಯಾರಿಗಿತ್ತು! ನೀರೆಲ್ಲ ಬೇಲಿಯಾಚೆಯ ಮೀನಿನ ಕೊಳಕ್ಕೆ ಹರಿಯಿತು. ಪಕ್ಕದ ಮನೆಯ ತಂಗಮಣಿ ಚೇಚಿ ಎರಡೂ ಕೈಯಲ್ಲಿ ಸತ್ತ ಮೀನು ಹಿಡಿದು ಪ್ರತ್ಯಕ್ಷಳಾದಳು.

"ಮಾಷೇ, ಮಹಾ ನೆರೆಯಲ್ಲೇ ಉಳಿದ ಮೀನು ಕಣ್ರೀ ಇವು! ನಿಮ್ಮ ಕೈಲಿ ಹೋದ್ವಲ್ಲ!"

ಗಲಾಟೆ ಕೇಳಿ ಬಿಂದುಲೇಖ ಓಡಿಬಂದಳು. ಬಾವಿಗೆ ಬಗ್ಗಿದವಳು ಕೆಮ್ಮುತ್ತಾ ಹಿಂದೆ ಸರಿದಳು. "ಪಂಪು ನಿಲ್ಸಿ ಸಾರ್! ನಾನು ಪರೀಕ್ಷೆ ಮಾಡಿ ಹೇಳೋವರೆಗೂ ಈ ನೀರು ಮುಟ್ಟೋ ಹಾಗಿಲ್ಲ. ನಾಲ್ಕೈದು ದಿನವಾದ್ರೂ ಆದೀತು."

ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಒಂದು ಹನಿ ನೀರಿಲ್ಲ. ಶೋಶಮ್ಮ ಖಾಲಿ ಕೊಡವನ್ನು ಗಂಡನ ಮುಂದೆ ಕುಕ್ಕಿದಳು, ಬೇಲಿಯ ಕಡೆ ಬೆರಳು ತೋರಿಸಿದಳು. ಮಾಷ್ ತಲೆ ತಗ್ಗಿಸಿ ಹೊರಟರು.

ತಂಗಮಣಿಗೂ ಪಾಪ ಅನ್ನಿಸಿರಬೇಕು. ಕುದಿಸಿ ಆರಿಸಿದ ನೀರಿನ ಪಾತ್ರೆಯನ್ನೇ ಜಗಲಿಗೆ ತಂದಿಟ್ಟಳು. ಗಂಟಲು ಒಣಗಿದ್ದ ಮಾಷ್ ಆತುರದಲ್ಲಿ ಲೋಟ ಹಿಡಿದು ಪಾತ್ರೆಗೆ ಕೈ ಹಾಕಿದರು.

ತಂಗಮಣಿ ಅವರ ಮಣಿಕಟ್ಟು ಗಪ್ಪನೆ ಹಿಡಿದಳು.

"ಮಾಷೇ, ಓಣಿಯಲ್ಲಿ ಕಾಮಾಲೆ ಇದೆ. ಮೊದ್ಲು ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ!"