ಮೂರು ದಿನದ ಒಳ್ಳೆಯ ಹಾಲು

ಒಂದು ವಿಷಯದಲ್ಲಿ ಬುದ್ಧಿವಂತನಾದವನು ಎಲ್ಲ ವಿಷಯದಲ್ಲೂ ಬುದ್ಧಿವಂತನೇ ಎಂಬ ಭ್ರಮೆ ನನಗೆ ಬಹಳ ಕಾಲ ಇತ್ತು. ಪಂಜ ಎಂಬ ಊರಿನ ಹತ್ತಿರದ ಒಂದು ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ನನ್ನದು. ಬೆಳಿಗ್ಗೆ ಆರರಿಂದ ಎಂಟರವರೆಗೆ ನಾನು ಸ್ವಂತ ಭಾವನನ್ನೂ ನಂಬುವವನಲ್ಲ. ಅವರ ಹಾಲಿಗೂ ಲ್ಯಾಕ್ಟೋಮೀಟರ್ ಇಳಿಸುತ್ತೇನೆ. ನೀರು ಬೆರೆತಿದ್ದರೆ ಆ ಗಾಜಿನ ಕೊಳವೆ ಆಳಕ್ಕೆ ಮುಳುಗುತ್ತದೆ. ತಂದವರ ಮುಖ ಅದಕ್ಕಿಂತ ಮೊದಲೇ ಮುಳುಗಿರುತ್ತದೆ. ಇಂಥ ನಾನು ಎಂಟರ ಮೇಲೆ ಕೈ ತೊಳೆದು ಮೊಬೈಲು ಹಿಡಿದೆನೆಂದರೆ, ಅದರೊಳಗೆ ಟೈ ಕಟ್ಟಿಕೊಂಡು ಷೇರಿನ ಬಗ್ಗೆ ಮಾತಾಡುವ ಯಾರನ್ನು ಬೇಕಾದರೂ ನಂಬುತ್ತಿದ್ದೆ. ಟೈಗೆ ಇಳಿಸುವ ಲ್ಯಾಕ್ಟೋಮೀಟರ್ ಇನ್ನೂ ಬಂದಿಲ್ಲ ನೋಡಿ.

ನನ್ನ ಹೆಂಡತಿ ಸುಮಿತ್ರ ಮನೆಯಲ್ಲೇ ರವಕೆ ಹೊಲಿಯುತ್ತಾಳೆ. ಕಾಲಲ್ಲಿ ತುಳಿಯುವ ಹಳೆಯ ಮೆಷಿನು. ಮೊಣಕಾಲು ನೋವು ಶುರುವಾದ ಮೇಲೆ ಮೋಟಾರಿನದ್ದೊಂದು ಕೊಳ್ಳಬೇಕೆಂದು ನಾಲ್ಕು ವರ್ಷ ಹೊಲಿದು ಹಣ ಕೂಡಿಸಿದ್ದಳು. "ಬ್ಯಾಂಕಲ್ಲಿಡಿ, ಮದುವೆ ಸೀಸನಿಗೆ ಮೊದಲು ತೆಗೆಯುವ" ಎಂದು ನನ್ನ ಕೈಗೆ ಕೊಟ್ಟಿದ್ದಳು. ನಾನು ಬ್ಯಾಂಕಿಗೆ ಹೋದದ್ದು ನಿಜ. ಹಣ ಮಾತ್ರ ಅಲ್ಲಿ ನಿಲ್ಲದೆ ಷೇರುಪೇಟೆಗೆ ಹೋಯಿತು. ಮೊದಲೇ ಹೇಳಿದರೆ ಬೈಯುತ್ತಾಳೆ, ಎರಡು ಪಟ್ಟಾದ ಮೇಲೆ ಹೇಳಿದರೆ ಹೊಗಳುತ್ತಾಳೆ ಎಂದು ನನ್ನ ಅಂದಾಜು. ಎರಡು ಪಟ್ಟಾಗುವ ಮೊದಲೇ ಪೇಟೆ ಮಗುಚಿ ಬಿತ್ತು. ಅವತ್ತು ಮಧ್ಯಾಹ್ನ ಮೊಬೈಲು ನೋಡಿದವನು ಅನ್ನ ಕಲಸುವುದನ್ನೇ ಮರೆತು ಕೂತೆ.

"ಸಾರಿಗೆ ಉಪ್ಪು ಜಾಸ್ತಿ ಆಯ್ತಾ?" ಎಂದು ಕೇಳಿದಳು.

ಉಪ್ಪು ಸರಿಯಾಗಿಯೇ ಇತ್ತು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಎದ್ದು ಹೋಗಿ ಹಳೆಯ ಮೆಷಿನಿಗೆ ಎಣ್ಣೆ ಬಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನದಿಂದ ನಾನು ಒಳ್ಳೆಯವನಾದೆ. ಅಲಾರಾಂ ಇಟ್ಟು ಐದಕ್ಕೆ ಎದ್ದು ಚಾ ಮಾಡುವುದು, ಒಂದು ಗ್ಲಾಸು ಅವಳ ಮೆಷಿನಿನ ಪಕ್ಕದಲ್ಲಿಟ್ಟು ಸೊಸೈಟಿಗೆ ಹೊರಡುವುದು. ಬಟ್ಟೆಯನ್ನೂ ಒಣಗಿಸಿದೆ, ಅದೂ ರಸ್ತೆಗೆ ಕಾಣುವ ಕಡೆ. ವಿಚಿತ್ರವೆಂದರೆ, ನಾನು ಸುಧಾರಿಸಿದ ದಿನದಿಂದಲೇ ಷೇರುಪೇಟೆಯೂ ಸುಧಾರಿಸಿತು. ಮೂರು ದಿನ ಒಂದೇ ಸಮನೆ ಏರಿತು. "ಕಷ್ಟದ ದಿನಗಳು ಕಳೆದವು" ಎಂದ ಟೈಯವನು. ಬೀಳುವುದರ ಹಿಂದಿನ ದಿನವೂ ಅವನು ಇಷ್ಟೇ ಸಂತೋಷದಲ್ಲಿದ್ದ ಎಂಬುದು ನನಗೇಕೋ ನೆನಪಾಗಲಿಲ್ಲ.

ಆ ಮೂರನೆಯ ದಿನವೇ ಸೊಸೈಟಿಯಲ್ಲಿ ವೆಂಕಪ್ಪಣ್ಣ ಜಗಳಕ್ಕೆ ಬಂದರು. ನನ್ನ ಹಣ ಮುಳುಗಿದ ದಿನ ಬೆಳಿಗ್ಗೆಯೇ ಅವರ ಹಾಲಿನಲ್ಲಿ ಲ್ಯಾಕ್ಟೋಮೀಟರೂ ಮುಳುಗಿತ್ತು. "ಕ್ಯಾನು ತೊಳೆದ ನೀರು ಮಾರಾಯ್ರೆ, ಚೆಲ್ಲಲಿಕ್ಕೆ ಮರ್ತು ಹೋಯ್ತು" ಎಂದಿದ್ದರು. ಅಷ್ಟು ನೀರಿನಲ್ಲಿ ಇನ್ನೂ ಎರಡು ಕ್ಯಾನು ತೊಳೆಯಬಹುದಿತ್ತು. ನಮ್ಮಲ್ಲಿ ಒಂದು ಕ್ರಮ ಉಂಟು: ಸಿಕ್ಕಿಬಿದ್ದವರ ಕ್ಯಾನನ್ನು ಮೂವತ್ತು ದಿನ, ದಿನವೂ ಬದಿಗಿಟ್ಟು, ಉಳಿದವರದ್ದೆಲ್ಲ ಆದ ಮೇಲೆ ಎಲ್ಲರೆದುರು ಎರಡೆರಡು ಸಲ ಪರೀಕ್ಷೆ ಮಾಡುತ್ತೇವೆ. ನಡುವೆ ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಎಣಿಕೆ.

"ಮೂರು ದಿನ ಒಳ್ಳೇ ಹಾಲು ತಂದೆನಲ್ಲ, ಇನ್ನೂ ಎಂತ ಸಂಶಯ ನಿಮ್ಗೆ?" ಎಂದರು ವೆಂಕಪ್ಪಣ್ಣ.

"ಹಾಲು ಒಳ್ಳೇದಾಗ್ಲಿಕ್ಕೆ ಮೂರು ದಿನ ಸಾಕು ವೆಂಕಪ್ಪಣ್ಣ, ಮನುಷ್ಯ ಒಳ್ಳೇದಾಗ್ಲಿಕ್ಕೆ ಮೂವತ್ತು ಬೇಕು" ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಈ ಮಾತು ನನಗೇ ಬಹಳ ಹಿಡಿಸಿತು. ಮಧ್ಯಾಹ್ನ ಸುಮಿತ್ರಳಿಗೆ ಎರಡೆರಡು ಸಲ ಹೇಳಿದೆ. ಅವಳೂ ನಕ್ಕಳು. ಇದೇ ಒಳ್ಳೆಯ ಹೊತ್ತೆಂದು, "ಪೇಟೆ ಮೂರು ದಿನದಿಂದ ಏರ್ತಾ ಉಂಟು. ಇನ್ನು ಹೆದರಿಕೆ ಇಲ್ಲ. ಸ್ವಲ್ಪ ತಡೆದರೆ ನಿನಗೆ ಎರಡು ಮೆಷಿನು" ಎಂದೆ.

ಅವಳು ಹಲ್ಲಿನಲ್ಲಿ ನೂಲು ಕಡಿದು, "ವೆಂಕಪ್ಪಣ್ಣನಿಗೆ ಮೂವತ್ತು ದಿನ, ನಿಮ್ಮ ಪೇಟೆಗೆ ಮೂರೇ ಸಾಕಾ? ಅವರು ಪಾಪ, ಒಂದೆರಡು ಚೊಂಬು ನೀರು ಹಾಕಿದ್ದು" ಎಂದಳು.

"ಅದು ಹಾಲು. ಇದು ಅರ್ಥಶಾಸ್ತ್ರ."

"ಹೌದು. ಹಾಲಾದ್ರೆ ನೀವು ನೋಡಿ ತೆಗೊಳ್ತೀರಿ."

ಮರುದಿನವೇ ಮಾರಿದೆ. ಕಡಿಮೆ ಬಿದ್ದದ್ದಕ್ಕೆ ನನ್ನ ಸಂಬಳ ಸೇರಿಸಿ ಪುತ್ತೂರಿನಿಂದ ಮೋಟಾರು ಮೆಷಿನು ತಂದೆವು. ಆಮೇಲೆ ಪೇಟೆ ಏರಿತೇ ಇಳಿಯಿತೇ ಎಂದು ನೀವು ಕೇಳಬಹುದು. ಎರಡೂ ಆಯಿತು. ಏರಿದ ದಿನ ನಾನು ಒಬ್ಬನೇ ಹಿತ್ತಿಲಿಗೆ ಹೋಗಿ ನಿಟ್ಟುಸಿರು ಬಿಟ್ಟೆ. ಇಳಿದ ದಿನ ಪೇಪರನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿ, ನಮ್ಮ ದೂರದೃಷ್ಟಿಯನ್ನು ಮೆಚ್ಚಿಕೊಂಡೆ.

ಮೆಷಿನು ತಂದ ಗಡಿಬಿಡಿಯಲ್ಲಿ ನನ್ನ ಎಟಿಎಂ ಕಾರ್ಡು ಅವಳ ನೂಲಿನ ಡಬ್ಬಕ್ಕೆ ಸೇರಿತ್ತು. ಒಂದು ದಿನ ಅದನ್ನು ಮೆಲ್ಲಗೆ ವಾಪಸು ಕೇಳಿದೆ.

"ಚಾ ಮಾಡ್ಲಿಕ್ಕೆ ಶುರು ಮಾಡಿ ಎಷ್ಟು ದಿನ ಆಯ್ತು?" ಎಂದಳು ಅವಳು.

"ಹನ್ನೊಂದು."

"ಮೂವತ್ತು ಆಗ್ಲಿ" ಎಂದು ಮೋಟಾರಿನ ಸ್ವಿಚ್ಚು ಒತ್ತಿದಳು.

ನಿನ್ನೆಗೆ ವೆಂಕಪ್ಪಣ್ಣನ ಮೂವತ್ತು ದಿನ ಮುಗಿಯಿತು. ಕೊನೆಯ ಪರೀಕ್ಷೆ ಆದದ್ದೇ ಕ್ಯಾನನ್ನು ಎಲ್ಲರ ಕ್ಯಾನುಗಳ ಮುಂದಿಟ್ಟು, ಎದೆ ಸೆಟೆಸಿ ನಿಂತರು. ಅವರ ಜೊತೆಗೇ ಶುರುವಾದ ನನ್ನ ಎಣಿಕೆಯೂ ನಿನ್ನೆಗೇ ಮುಗಿಯಬೇಕಿತ್ತು. ಆದರೆ ಮೊನ್ನೆ ಬೆಳಿಗ್ಗೆ ಅಲಾರಾಂ ಬಡಿದಾಗ, ಇಪ್ಪತ್ತೆಂಟು ದಿನ ಒಳ್ಳೆಯವನಾಗಿದ್ದವನು ಒಂದು ದಿನ ಮಲಗಿದರೇನು ಎಂದು ಅದರ ಬಾಯಿ ಮುಚ್ಚಿಸಿ ಮಗ್ಗುಲಾಗಿದ್ದೆ. ಎದ್ದು ನೋಡುವಾಗ ಚಾ ಅವಳೇ ಮಾಡಿಯಾಗಿತ್ತು.

"ನೀವೆಂತ ಇವತ್ತು ಸಪ್ಪೆ ಇದ್ದೀರಿ ಮಾರಾಯ್ರೆ?" ಎಂದು ಕೇಳಿದರು ವೆಂಕಪ್ಪಣ್ಣ.

ನನ್ನದು ಅವತ್ತು ಒಂದನೆಯ ದಿನ ಎಂದು ಹೇಳಲು ನಾಲಿಗೆ ಬರಲಿಲ್ಲ.