ಅಲ್ಲಿಲ್ಲಿ ಯಂತ್ರದ ಗಾಜಿಗೊಂದು ಬೊಟ್ಟು

"ಇದು ಅಲ್ಲಿಲ್ಲಿ ಯಂತ್ರ," ಎಂದು ನಮ್ಮ ಭಾವ ಚಂದ್ರಮೌಳಿ ಹಂಡೆಯಂಥ ಪೆಟ್ಟಿಗೆಯೊಂದರ ಮೇಲೆ ಕೈಯಿಟ್ಟು ಹೇಳಿದರು. "ಅಲ್ಲಿರೋರು ಇಲ್ಲಿರ್ತಾರೆ, ಇಲ್ಲಿರೋರು ಅಲ್ಲಿರ್ತಾರೆ."

"ನೀವೊಬ್ರು ಮಾತ್ರ ಎಲ್ಲೂ ಇರಲ್ಲ," ಎಂದಳು ಅಡಿಗೆಮನೆಯಿಂದ ಗಂಗಕ್ಕ. "ಹೂರಣ ತಳ ಹಿಡೀತಿದೆ, ಬಂದು ತಿರುವ್ರಿ."

ಅಂದು ಶುಕ್ರವಾರ, ತಿಪಟೂರಿನ ಅವರ ಮನೆಯ ಹಜಾರದಲ್ಲಿ ಭಾವನ ಮಗಳು ಸಿಂಚನಾಳ ನಿಶ್ಚಿತಾರ್ಥ. ಹುಡುಗನ ಕಡೆಯವರು ಅರಸೀಕೆರೆಯವರು. ಅವರ ಮನೆಯಲ್ಲಿ ತಾಂಬೂಲ ಬದಲಾಗುವ ಮುನ್ನ ಹಿರಿಯರು ಹುಡುಗಿಯನ್ನು ಕಣ್ಣಾರೆ ನೋಡಿ ಬಾಯಾರೆ 'ಹೂಂ' ಅನ್ನಬೇಕು. ಆ ಹಿರಿಯರೆಂದರೆ ತೊಂಬತ್ತೊಂದರ ಪುಟ್ಟನಂಜಮ್ಮಜ್ಜಿ, ಸೊಂಟ ಮುರಿದು ಮಂಚ ಹಿಡಿದವರು. ಫೋನಿನಲ್ಲಿ ತೋರಿಸಿದರೆ, "ಅಂಗೈ ಅಗಲದ ಸೊಸೆ ನಂಗೆ ಬೇಡ" ಎಂದುಬಿಟ್ಟಿದ್ದರು. ಎರಡು ವರ್ಷ ಎರಡೂ ಮನೆಯವರನ್ನು ಒಪ್ಪಿಸಿ ಸುಸ್ತಾಗಿದ್ದ ಸಿಂಚನಾಳಿಗೆ ಈಗ ಉಳಿದಿದ್ದು ಆ ಒಂದು ಹೂಂ. ಹತ್ತೂವರೆಗೆ ರಾಹುಕಾಲ. ಅದರೊಳಗೆ ಹೂಂ ಬಾರದಿದ್ದರೆ ತಾಂಬೂಲವೂ ಇಲ್ಲ.

ಅದಕ್ಕೇ ಈ ಯಂತ್ರ. ಅಜ್ಜಿಯ ಮಂಚದ ಬಳಿ ಒಂದು ಗಾಜು, ಇಲ್ಲೊಂದು ಗಾಜು. ನೋಡುವುದೂ ಅದೇ ಗಾಜು, ಬೆಳಕು ಚೆಲ್ಲಿ ತೋರಿಸುವುದೂ ಅದೇ ಗಾಜು. ಎದುರಿಗೆ ಯಾರ ಮುಖ ಸಿಕ್ಕರೂ ಹಿಡಿದು ನಟ್ಟನಡುವೆ ಇಟ್ಟುಕೊಳ್ಳುತ್ತದೆ.

"ಒಳಗಿರೋದು ಲಿನಕ್ಸು," ಎಂದರು ಭಾವ. "ಅದರೊಳಗೆ ಇನ್ನೊಂದು ಕಂಪ್ಯೂಟರು. ಅದಕ್ಕೆ ಮೈಯಿಲ್ಲ, ಬರೀ ಬುದ್ಧಿ. ವರ್ಚುವಲ್ ಮಷೀನು. ಅಜ್ಜಿ ಇರೋದು ಅದರಲ್ಲಿ."

"ಒಂದು ಕಂಪ್ಯೂಟರ್ರೇ ನೆಟ್ಟಗೆ ನಡೆಯಲ್ಲ, ಅದನ್ನ ಬಸುರಿ ಬೇರೆ ಮಾಡಿದೀರಾ," ಎಂದಳು ಅಕ್ಕ.

ಭಾವ ಗುಂಡಿ ಒತ್ತಿದರು. ಹಜಾರದ ನಡುವೆ ಅಜ್ಜಿ ಮೂಡಿದರು. ದಿಂಬಿಗೊರಗಿದ ಇಡೀ ಅಜ್ಜಿ, ಸುಕ್ಕು ಸಮೇತ! ನೆಂಟರೆಲ್ಲ ಬಾಯಿ ಬಿಟ್ಟು ನಿಂತರು. ಅಯ್ಯನೋರ ಮಂತ್ರಕ್ಕೆ ಅಡ್ಡ ಬಾರದಿರಲೆಂದು ಭಾವ ಅಜ್ಜಿಯ ದನಿಯನ್ನು ಮಾತ್ರ ನಿಲ್ಲಿಸಿಟ್ಟರು.

ಇನ್ನು ನನ್ನ ಪರಿಚಯ. ಹೇಳಿಕೊಳ್ಳುವುದಕ್ಕೇ ನಾಚಿಕೆ. ನಾನು ಗಂಗಕ್ಕನ ತಮ್ಮ ಷಡಕ್ಷರಿ, ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಊರೂರಿಗೆ ಹೋಗಿ ಉರಿಯುವ ಕರ್ಪೂರ ನುಂಗಿ, ನಿಂಬೆಹಣ್ಣಿನಲ್ಲಿ ರಕ್ತ ಬರಿಸಿ, "ಇದು ಪವಾಡವಲ್ಲ, ರಸಾಯನ" ಎಂದು ಭಾಷಣ ಮಾಡುವವನು. ಆದರೆ ಭಾವನ ಹಿಂದಿನ ಯಂತ್ರಗಳ ಗತಿಯನ್ನೂ ಕಂಡವನು. ದೋಸೆಯನ್ನು ತಾನೇ ಮಗುಚುವ ಕಾವಲಿ ನಾಲ್ಕು ದೋಸೆಗಳನ್ನು ಸೂರಿಗೆ ಅಂಟಿಸಿತ್ತು. ಅವತ್ತೂ ಜನ ಹೀಗೇ ಬಾಯಿ ಬಿಟ್ಟು ಹೊಗಳಿದ್ದರು.

ಅಷ್ಟೂ ಕಣ್ಣುಗಳು ಯಂತ್ರದ ಮೇಲೆ ಬೀಳುವುದನ್ನು ನೋಡುತ್ತ ನಿಂತಿದ್ದೆನಲ್ಲ, ಸಿಂಚನಾಳ ಕಾಡಿಗೆ ಡಬ್ಬಿ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಯಾರಿಗೂ ಕಾಣದಂತೆ ಗಾಜಿನ ಎಡಗಡೆ, ಮಗುವಾಗಿದ್ದರೆ ಕೆನ್ನೆಯಿರುವ ಜಾಗದಲ್ಲಿ, ಒಂದು ದೃಷ್ಟಿಬೊಟ್ಟು ಇಟ್ಟುಬಿಟ್ಟೆ. ವಿಜ್ಞಾನ ನನ್ನ ತಲೆಯಲ್ಲಿತ್ತು. ಬೆರಳಿಗೆ ಇನ್ನೂ ತಲುಪಿರಲಿಲ್ಲ.

ಒಂಬತ್ತೂವರೆಗೆ ಅರಸೀಕೆರೆಯವರು ಬಂದು ಜಮಖಾನೆಯ ಮೇಲೆ ಕೂತರು. ಅಜ್ಜಿಯ ಮಗಳು, ಅಂದರೆ ಹುಡುಗನ ಸೋದರತ್ತೆ ಇಂದ್ರಾಣಮ್ಮ, ಕನ್ನಡಕ ಏರಿಸಿ ನೋಡಿದರು.

"ನಮ್ಮಮ್ಮನ ಕೆನ್ನೆ ಮೇಲೆ ಅದೇನ್ರೀ ಮಸಿ?"

"ಡಿಸ್‌ಪ್ಲೇ ಗ್ಲಿಚ್ ಕಣಮ್ಮ," ಎಂದರು ಭಾವ, ಕೀಲಿಮಣೆ ಎಳೆದುಕೊಂಡು. "ವಿಡಿಯೋ ಮೆಮೊರಿ ಸಾಲ್ತಿಲ್ಲ."

"ನಮ್ಮಮ್ಮನ ಮೆಮೊರಿಗೇನಾಗಿದೆ? ಅರವತ್ತು ವರ್ಷದ ಜಗಳ ಎಲ್ಲಾ ನೆನಪಿದೆ."

ನನಗೆ ಆ ಕ್ಷಣವೇ ಗೊತ್ತಾಯಿತು. ಎದ್ದು ಒರೆಸಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಹುಡುಗನ ತಂದೆ ಬಸವಲಿಂಗಪ್ಪನವರು ನನ್ನ ಕೈ ಹಿಡಿದುಕೊಂಡರು. "ಮೇಷ್ಟ್ರೇ, ನಮ್ಮೂರಲ್ಲಿ ನಿಮ್ಮ ಮೂಢನಂಬಿಕೆ ಭಾಷಣ ಕೇಳಿದ್ದೆ. ಅವತ್ತೇ ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣೆಲ್ಲ ಕಿತ್ತು ಪಾನಕ ಮಾಡಿಸ್ಬಿಟ್ಟೆ." ಇಂಥವರ ಮುಂದೆ ಏನೆಂದು ಬಾಯಿ ಬಿಡಲಿ? ಕಾಡಿಗೆಯ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ.

ಭಾವ ವಿಡಿಯೋ ಮೆಮೊರಿಯನ್ನು ಹದಿನಾರರಿಂದ ನೂರಿಪ್ಪತ್ತೆಂಟಕ್ಕೆ ಏರಿಸಿದರು. ಅಜ್ಜಿ ಬೆಳೆದರು. ತಲೆ ಫ್ಯಾನು ದಾಟಿ ಸೂರಿಗೆ ಮುಟ್ಟಿತು. ಬೊಟ್ಟು ಹೋಳಿಗೆಯಷ್ಟಾಯಿತು.

"ಇಳಿಸ್ರೀ ಅವರನ್ನ," ಎಂದಳು ಅಕ್ಕ.

ಭಾವ ತ್ರೀಡಿ ನಿಲ್ಲಿಸಿದರು. ಅಜ್ಜಿ ಹಪ್ಪಳದಂತೆ ಚಪ್ಪಟೆಯಾದರು. ಎದುರಿಗೆ ಕೂತವರಿಗೆ ಅಜ್ಜಿ ಇದ್ದರು, ಪಕ್ಕದಲ್ಲಿ ಕೂತವರಿಗೆ ಇರಲಿಲ್ಲ. ಗ್ರಾಫಿಕ್ಸ್ ಡ್ರೈವರ್ ತೆಗೆದು ಮತ್ತೆ ಹಾಕಿದರು. ಅಜ್ಜಿ ಮರಳಿ ತುಂಬಿಕೊಂಡರು, ಆದರೆ ಇಬ್ಬರಾಗಿ. ಇಬ್ಬರ ಕೆನ್ನೆಯ ಮೇಲೂ ಬೊಟ್ಟು. ಇಬ್ಬರೂ ಏನೋ ಹೇಳುತ್ತ ತುಟಿ ಆಡಿಸುತ್ತಿದ್ದರು.

"ಒಬ್ಬರನ್ನೇ ಸಂಭಾಳಿಸೋಕಾಗಲ್ಲ," ಎಂದು ಗೊಣಗಿದರು ಬಸವಲಿಂಗಪ್ಪ.

ಆಗ ಹತ್ತು ಗಂಟೆ. ಭಾವನ ಅಂಗಿ ಬೆನ್ನಿಗೆ ಅಂಟಿತ್ತು. ಸಿಂಚನಾ ಸೆರಗಿನ ತುದಿಯನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಿದ್ದಳು. ನಾನು ಗೋಡೆಯ ಕ್ಯಾಲೆಂಡರನ್ನು ಓದುತ್ತಿದ್ದೆ.

"ಇದಕ್ಕೆ ದೋಷಹರವೇ ಬೇಕು," ಎಂದರು ಭಾವ. ಅದು ಅವರೇ ಬರೆದ ಪ್ರೋಗ್ರಾಮು. ಮುಖದ ಮೇಲಿರಬಾರದ ಚುಕ್ಕೆ ಕಂಡರೆ ಹುಡುಕಿ, ಸುತ್ತಲಿನ ಬಣ್ಣ ತುಂಬಿ ಮುಚ್ಚುತ್ತದೆ. ಎಂಟರ್ ಒತ್ತಿದರು.

ದೋಷಹರ ಅಜ್ಜಿಯ ಬೊಟ್ಟಿನ ಮೇಲೆ ಬಣ್ಣ ಚೆಲ್ಲಲು ಹೋಯಿತು. ಗಾಜೇ ಕಪ್ಪಾಗಿರುವಾಗ ಬೆಳಕು ದಾಟೀತೆಲ್ಲಿಂದ? ಸೋತ ಯಂತ್ರ ಸಿಟ್ಟನ್ನು ಸಿಕ್ಕ ಚುಕ್ಕೆಗಳ ಮೇಲೆಲ್ಲ ತೀರಿಸಿಕೊಂಡಿತು. ಹಜಾರದಲ್ಲಿ ಕೂತ ಹೆಂಗಸರ ಹಣೆಗಳ ಮೇಲೆ ಚರ್ಮದ ಬಣ್ಣದ ಬೆಳಕು ಬಿದ್ದು, ಒಂದೊಂದೇ ಕುಂಕುಮ ಮಾಯವಾಯಿತು. ಇಂದ್ರಾಣಮ್ಮ ಗೋಡೆಯ ಕನ್ನಡಿಯಲ್ಲಿ ತಮ್ಮ ಬೋಳು ಹಣೆ ಕಂಡರು.

"ಮುತ್ತೈದೇರ ಹಣೆ ಒರೆಸೋ ಮನೆಯಿಂದ ನಾವು ಹೆಣ್ಣು ತರಲ್ಲ," ಎಂದು ಎದ್ದರು. "ಏಳ್ರೋ ಎಲ್ಲಾ."

ಅರಸೀಕೆರೆ ಎದ್ದು ನಿಂತಿತು. ಸಿಂಚನಾ ತನ್ನಪ್ಪನನ್ನು ಬೈಯಲಿಲ್ಲ. ಬಗ್ಗಿ, ಬಿಚ್ಚಿಬಿದ್ದ ವೈರೊಂದನ್ನು ಎತ್ತಿ ಅವರ ಕೈಗೆ ಕೊಟ್ಟಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನಿಲ್ಲಿ. ಯಂತ್ರ ಸರಿಯಾಗಿದೆ. ಗಾಜಿಗೆ ದೃಷ್ಟಿಬೊಟ್ಟು ಇಟ್ಟಿದ್ದು ನಾನು."

ಯಾರೂ ನಂಬಲಿಲ್ಲ! "ಭಾವನ್ನ ಉಳಿಸೋಕೆ ಸುಳ್ಳು ಹೇಳ್ಬೇಡಿ ಮೇಷ್ಟ್ರೇ," ಎಂದರು ಬಸವಲಿಂಗಪ್ಪ. ನಾನು ಮುಷ್ಟಿ ಬಿಚ್ಚಿ ಬೆರಳು ತೋರಿಸಿದೆ. ಅಕ್ಕ ಅದನ್ನು ಹಿಡಿದು ಮೂಸಿ, "ನಾನೇ ಕಾಯಿಸಿದ್ದ ಹರಳೆಣ್ಣೆ ಕಾಡಿಗೆ," ಎಂದು ಸಾಕ್ಷಿ ಹೇಳಿದಳು.

ಬಸವಲಿಂಗಪ್ಪ ಬಗ್ಗಿ ನನ್ನ ಬೆರಳನ್ನು ನೋಡಿದರು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಮ್ಮ ನಿಂಬೆಹಣ್ಣು?" ಎಂದರು.

ಭಾವ ದೋಷಹರ ನಿಲ್ಲಿಸಿ, ಬದಲಿಸಿದ್ದನ್ನೆಲ್ಲ ಮೊದಲಿನಂತೆ ಮಾಡಿದರು. ಕುಂಕುಮಗಳು ಮರಳಿದವು. ನಾನು ಪಂಚೆಯ ಅಂಚಿನಿಂದ ಗಾಜು ಒರೆಸಿದೆ. ಅಜ್ಜಿ ಒಬ್ಬರಾದರು, ಶುಭ್ರವಾದರು. ಭಾವ ದನಿ ಬಿಟ್ಟರು.

"ಯಾವನ್ಲಾ ಅದು ಒರೆಸ್ದೋನು?" ಎಂದು ಅಜ್ಜಿ ಗುಡುಗಿದರು. "ಆಗ್ಲಿಂದ ಹೂಂ ಹೂಂ ಅಂತಾ ಇದೀನಿ, ಒಬ್ರಿಗೂ ಕೇಳಲ್ಲ. ಹುಡುಗಿ ನಿಂತ್ರೂ ಕೆನ್ನೇಲಿ ಬೊಟ್ಟು, ಕೂತ್ರೂ ಬೊಟ್ಟು. ಇಷ್ಟು ಜೋಪಾನವಾಗಿ ಸಾಕಿದಾರಲ್ಲ ಅಂತ ಒಪ್ಕೊಂಡಿದ್ದೆ. ಈಗ ಒರೆಸ್ಬಿಟ್ಟಿದೀರಾ. ಮೊದಲು ಇಡಿ. ಇಲ್ದಿದ್ರೆ ನನ್ನ ಹೂಂ ವಾಪಸ್ಸು."

ಇಲ್ಲಿ ಅಜ್ಜಿಯ ಕೆನ್ನೆಗೆ ಬಿದ್ದ ಬೊಟ್ಟು ಅಲ್ಲಿ ಸಿಂಚನಾಳ ಕೆನ್ನೆಗೂ ಬಿದ್ದಿತ್ತು. ಎಲ್ಲರೂ ನನ್ನನ್ನು ನೋಡಿದರು. ಸಿಂಚನಾ ಕಾಡಿಗೆ ಡಬ್ಬಿ ತಂದು ಮುಂದೆ ಹಿಡಿದಳು. ಗಡಿಯಾರ ಹತ್ತು ಇಪ್ಪತ್ತೈದು. ಹದಿನೆಂಟು ವರ್ಷದ ಭಾಷಣಗಳನ್ನು ನುಂಗಿಕೊಂಡು, ತುಂಬಿದ ಸಭೆಯಲ್ಲಿ, ಗಾಜಿಗೆ ಮತ್ತೆ ಬೊಟ್ಟಿಟ್ಟೆ.

"ಹಣೆ ಮೇಲಿನದನ್ನ ಮುಟ್ಬೇಡ, ಕೆನ್ನೆ ಮೇಲಿನ ಚುಕ್ಕೆ ಸರಿ ಅಂತ ಇದಕ್ಕೆ ಹೇಳ್ಬಿಡ್ತೀನಿ," ಎಂದು ಭಾವ ದೋಷಹರಕ್ಕೆ ಹೊಸ ನಿಯಮ ಬರೆದು ಎಂಟರ್ ಒತ್ತಿದರು. ಯಂತ್ರ ತಕ್ಷಣ ಕಲಿಯಿತು. ಈಗ ಬೊಟ್ಟಿಲ್ಲದ ಕೆನ್ನೆಗಳೇ ದೋಷ. ಇಂದ್ರಾಣಮ್ಮ, ಬಸವಲಿಂಗಪ್ಪ, ಅಯ್ಯನೋರು, ಫೋಟೋದವನು ಎಲ್ಲರ ಕೆನ್ನೆಗೂ, ಕಡೆಗೆ ತಟ್ಟೆಯಲ್ಲಿದ್ದ ತೆಂಗಿನಕಾಯಿಗೂ ಜುಟ್ಟಿನ ಎಡಕ್ಕೊಂದು ಕರಿ ನೆರಳು ಕೂತಿತು.

"ಹೂಂ," ಎಂದರು ಅಜ್ಜಿ. ರಾಹುಕಾಲಕ್ಕೆ ಎರಡು ನಿಮಿಷ ಇರುವಾಗ ತಾಂಬೂಲ ಬದಲಾಯಿತು.

ಮರುವಾರ ಭಾವ ಲಿನಕ್ಸ್ ಬಳಕೆದಾರರ ತಾಣದಲ್ಲಿ ಒಂದು ಟಿಪ್ಪಣಿ ಹಾಕಿದರು. ತೊಂದರೆ: ವರ್ಚುವಲ್ ಮಷೀನಿನ ಪರದೆಯಲ್ಲಿ ಕಪ್ಪು ಚುಕ್ಕೆ. ಕಾರಣ: ಕಾಡಿಗೆ. ಪರಿಹಾರ: ಕಾಡಿಗೆ. ನೆರವು: ಷಡಕ್ಷರಿ, ವಿಜ್ಞಾನ ಶಿಕ್ಷಕರು, ತಿಪಟೂರು. ಈವರೆಗೆ ನೂರಹನ್ನೊಂದು ಜನ ಅದನ್ನು 'ಉಪಯುಕ್ತ' ಎಂದು ಗುರುತಿಸಿದ್ದಾರೆ.